ಅಟ್ಟಣೆ ಮೇಲಿನ ಬಿಲ್ಲಿಗೆ ಯಾವ ರೆಸ್ಟ್? ಮಿಶಿಗನ್‌ನ ಒಂದು ಪ್ರಕರಣ

ಈ ಪ್ರಕರಣ ಅಮೆರಿಕದ ಮಿಶಿಗನ್ ರಾಜ್ಯದ್ದು. ಬಿಲ್ಲಿನ ಒಡತಿ ಹಾಸನ ಜಿಲ್ಲೆಯ ಮಲೆನಾಡು ಕಡೆಯವರು. ಡೆಟ್ರಾಯಿಟ್ ಸುತ್ತಿನ ಒಂದು ಊರಿನಲ್ಲಿ ಇಂಜಿನಿಯರ್, ವಯಸ್ಸು ನಲವತ್ತರ ಆಸುಪಾಸು, ಬಲಗೈಯವರು. ನನ್ನನ್ನು ‘ಅಣ್ಣಾ’ ಎನ್ನುತ್ತಾರೆ. ಇಲ್ಲಿನ ಕನ್ನಡದವರಲ್ಲಿ ಬಿಲ್ಲು ಹಿಡಿಯುವವರು ಕಡಿಮೆ. ಇದ್ದವರ ಬಿಲ್ಲುಗಳು ಹೊಂದಿಸಿಕೊಡಲು ನನ್ನ ಗ್ಯಾರೇಜಿಗೆ ಬರುತ್ತವೆ. ಹಾಗೆ ಬಂದ ಬಿಲ್ಲು ಇದು. ಪ್ರಶ್ನೆ ಅದರ ರೆಸ್ಟಿನದು, ಅಂದರೆ ಬಿಡುವವರೆಗೆ ಬಾಣವನ್ನು ಹೊತ್ತು ನಿಲ್ಲಿಸುವ ಪುಟ್ಟ ಸಾಧನದ್ದು.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಊರಿಗೆ ಹೋದಾಗ ಮುಂದೆ ಹೇಳುವ ಬೇಟೆಯನ್ನು ಮಾಡುವಂತಿಲ್ಲ, ಮಾಡಲೂಬಾರದು. ಮಿಶಿಗನ್‌ನಲ್ಲಿ ಬಿಳಿಬಾಲದ ಜಿಂಕೆಯನ್ನು ಬಿಲ್ಲಿನಿಂದ ಹೊಡೆಯಲು ಪರವಾನಗಿ ಇದೆ, ಋತುವಿದೆ, ಲೆಕ್ಕವಿದೆ. ಬಿಲ್ಲಿನ ಋತು ಅಕ್ಟೋಬರ್ 1ರಿಂದ ನವೆಂಬರ್ 14ರವರೆಗೆ. ಆಮೇಲೆ ತಿಂಗಳ ಕೊನೆಯವರೆಗೆ ಬಂದೂಕಿನವರ ಸರದಿ. ಡಿಸೆಂಬರ್ 1ರಿಂದ ಜನವರಿ 1ರವರೆಗೆ ಮತ್ತೆ ಬಿಲ್ಲು. 1960ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಬಾಣದ ಮೊನೆ ಕನಿಷ್ಠ 7/8 ಇಂಚು ಅಗಲದ ಅಲಗಿನದಾಗಿರಬೇಕು, ಇಂಥ ಮೊನೆಗೆ ಬ್ರಾಡ್‌ಹೆಡ್ ಎನ್ನುತ್ತಾರೆ. ಈ ನಿಯಮಗಳೆಲ್ಲ ಗೊತ್ತಿದ್ದು, ಪಾಲಿಸಿಕೊಂಡು ಬಂದವರು ಇವರು.

ಬಿಲ್ಲು ಕಾಂಪೌಂಡ್, ಅಂದರೆ ರಾಟೆ, ಕೇಬಲ್ಲು ಇರುವಂಥದ್ದು. ಎಳೆತದ ಭಾರ 45 ಪೌಂಡ್, ಎಳೆತದ ಉದ್ದ 26 ಇಂಚು. ಬಾಣ ಕಾರ್ಬನ್ನಿನದು, 125 ಗ್ರೇನ್ ಮೊನೆ ಸೇರಿ ಒಟ್ಟು 390 ಗ್ರೇನ್, ಅಂದರೆ ಸುಮಾರು 25 ಗ್ರಾಂ. ವೇಗ ಸೆಕೆಂಡಿಗೆ 205 ಅಡಿಯಷ್ಟು. ಲೆಕ್ಕ ಹಾಕಿದರೆ ಸುಮಾರು 36 ಫುಟ್-ಪೌಂಡ್ ಚಲನಶಕ್ತಿ. ಜಿಂಕೆಗೆ ಇದು ಸಾಕು, ಆದರೆ ಪೋಲು ಮಾಡುವಷ್ಟಿಲ್ಲ. 70 ಪೌಂಡ್ ಎಳೆಯುವ ಗಂಡಸರ ಬಿಲ್ಲು ಸಣ್ಣಪುಟ್ಟ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಇದು ಮುಚ್ಚುವುದಿಲ್ಲ. ಬಾಣ ಓಲಾಡುತ್ತಾ ಹೋದರೆ ಇದ್ದ ಶಕ್ತಿಯೂ ಅಡ್ಡಕ್ಕೆ ಹಂಚಿಹೋಗುತ್ತದೆ, ಅಲಗು ಒಳಹೋಗುವ ಆಳ ಕಡಿಮೆಯಾಗುತ್ತದೆ.

ಬೇಟೆಯ ಜಾಗ ಲಿವಿಂಗ್‌ಸ್ಟನ್ ಕೌಂಟಿಯಲ್ಲಿ, ಪರಿಚಯದವರ ಜೋಳದ ಹೊಲಕ್ಕೆ ಅಂಟಿಕೊಂಡ ಓಕ್ ತೋಪು. ಮರಕ್ಕೆ ಕಟ್ಟಿದ ಅಟ್ಟಣೆ, ನೆಲದಿಂದ ಹದಿನೇಳು ಅಡಿ ಎತ್ತರ. ಬಾಣ ಬಿಡುವ ದೂರ ಹೆಚ್ಚೆಂದರೆ 25 ಗಜ. ಬೆಳಗಿನ ಕತ್ತಲಲ್ಲಿ ಹತ್ತಿ ಕೂತು, ಬಾಣ ಹೂಡಿದ ಬಿಲ್ಲನ್ನು ಪಕ್ಕದ ಕೊಕ್ಕೆಗೆ ನೇತುಹಾಕಿ, ಗಂಟೆಗಟ್ಟಲೆ ಕಾಯುವುದು. ಈ ಕಾಯುವ ಹೊತ್ತೇ ಕೊನೆಗೆ ತೀರ್ಮಾನಕ್ಕೆ ದಾರಿ ಮಾಡಿದ್ದು.

ದೂರು

ಬಿಲ್ಲಿನ ಜೊತೆಗೇ ಬಂದಿದ್ದ ರೆಸ್ಟ್ ಬಿರುಗೂದಲಿನದು. ದುಂಡನೆಯ ಚೌಕಟ್ಟಿನೊಳಗೆ ಸುತ್ತಲೂ ಗಡುಸು ಕೂದಲು, ನಡುವೆ ಬಾಣ ತೂರುವಷ್ಟು ತೂತು, ಬಾಣ ಒಳಗಿಡಲು ಮೇಲೊಂದು ಸೀಳು. ಅಂಗಡಿಗಳಲ್ಲಿ ಇದಕ್ಕೆ ‘ಬಿಸ್ಕಿಟ್’ ಎನ್ನುತ್ತಾರೆ. ಒಮ್ಮೆ ಇಟ್ಟರೆ ಬಾಣ ಎತ್ತಲೂ ಬೀಳದು. ಬಿಲ್ಲನ್ನು ತಲೆಕೆಳಗೆ ಮಾಡಿದರೂ ಅಲ್ಲೇ ಇರುತ್ತದೆ.

ದೂರುಗಳು ಎರಡು. ಅವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು: “ಅಣ್ಣಾ, ಅಭ್ಯಾಸದ ಮೊನೆ ಹಾಕಿದರೆ ಇಪ್ಪತ್ತು ಗಜದಲ್ಲಿ ಬಾಣಗಳು ಒಟ್ಟಿಗೇ ಬೀಳ್ತವೆ. ಬ್ರಾಡ್‌ಹೆಡ್ ಹಾಕಿದ್ರೆ ನಾಲ್ಕಿಂಚು ಎಡಕ್ಕೆ. ಹೋದ ಡಿಸೆಂಬರಲ್ಲಿ ತುಂತುರು ಬಿದ್ದು ರೆಸ್ಟಿನ ಕೂದಲೆಲ್ಲ ಗಾಜಿನ ಹಾಗೆ ಗಟ್ಟಿಯಾಗಿತ್ತು, ಬಾಣ ಎಳೆಯೋಕೇ ಆಗ್ಲಿಲ್ಲ. ಅಂಗಡಿಯವರು ಡ್ರಾಪ್-ಅವೇ, ಅಂದ್ರೆ ಬಾಣ ಹೊರಟ ಮೇಲೆ ತಾನೇ ಬೀಳೋ ರೆಸ್ಟ್, ತಗೊಳ್ಳಿ, ಎಲ್ಲ ಸರಿಹೋಗುತ್ತೆ ಅಂತಾರೆ. ಯಾವುದು ತಗೊಳ್ಲಿ?”

ನನ್ನ ಉತ್ತರ: “ನೋಡಮ್ಮ, ಇದು ಒಂದು ಪ್ರಶ್ನೆ ಅಲ್ಲ. ಎಡಕ್ಕೆ ಹೋಗುವುದು ಬೇರೆ, ಹಿಮ ಕಟ್ಟುವುದು ಬೇರೆ. ಮೊದಲನೆಯದು ಇತ್ಯರ್ಥವಾಗುವವರೆಗೆ ದುಡ್ಡು ಬಿಚ್ಚಬೇಡ.”

ಒಂದು ರೆಸ್ಟ್ ಸರಿಯಾಗಿ ಕೂತಿಲ್ಲದಿರುವುದು ಬೇರೆ, ಆ ಜಾತಿಯ ರೆಸ್ಟೇ ಕೆಲಸಕ್ಕೆ ಒಗ್ಗದಿರುವುದು ಬೇರೆ. ಎರಡನ್ನೂ ಕಲಸಿಕೊಂಡು ಹೊಸ ರೆಸ್ಟ್ ಕೊಳ್ಳುವವರನ್ನು ತುಂಬಾ ನೋಡಿದ್ದೇನೆ. ಹೊಸದನ್ನು ಕೂರಿಸುವಾಗ ಹೇಗಿದ್ದರೂ ಅಳತೆ ಹೊಸದಾಗಿ ಹಿಡಿಯುತ್ತಾರೆ. ಆಗ ಬಾಣ ನೆಟ್ಟಗಾಗುತ್ತದೆ, ಕೀರ್ತಿ ಮಾತ್ರ ಹೊಸ ರೆಸ್ಟಿಗೆ ಸಲ್ಲುತ್ತದೆ.

ನಾಲ್ಕಿಂಚಿನ ವಿಚಾರಣೆ

ಜಿಂಕೆಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಭಾಗವನ್ನು ಬೇಟೆಗಾರರು ಎಂಟು ಇಂಚಿನ ವೃತ್ತ ಎಂದು ಲೆಕ್ಕ ಹಿಡಿಯುತ್ತಾರೆ. ನಡುವಿಗೆ ಗುರಿಯಿಟ್ಟು ನಾಲ್ಕಿಂಚು ಎಡಕ್ಕೆ ಹೋದರೆ ವೃತ್ತದ ಅಂಚು. ಅಲ್ಲಿಂದ ಒಂದು ಕೂದಲೆಳೆ ತಪ್ಪಿದರೆ ಪ್ರಾಣಿ ಗಾಯಗೊಂಡು ಓಡುತ್ತದೆ, ಎಲ್ಲೋ ನರಳಿ ಸಾಯುತ್ತದೆ. ಅಳತೆಯ ವಿಷಯದಲ್ಲಿ ನಾನು ಇಷ್ಟು ಹಠ ಹಿಡಿಯುವುದು ಇದಕ್ಕೇ.

ಅಭ್ಯಾಸದ ಮೊನೆ ಸುಳ್ಳು ಹೇಳುತ್ತದೆ. ಅದು ಬಾಣದಷ್ಟೇ ದಪ್ಪ. ಬಾಣ ಸ್ವಲ್ಪ ಅಡ್ಡಡ್ಡ ಹೊರಟರೂ ಹಿಂದಿನ ಗರಿಗಳು ಕೆಲವೇ ಗಜಗಳಲ್ಲಿ ಅದನ್ನು ನೆಟ್ಟಗೆ ಮಾಡಿಬಿಡುತ್ತವೆ. ಬ್ರಾಡ್‌ಹೆಡ್‌ಗೆ ಮುಂದುಗಡೆಯೂ ರೆಕ್ಕೆಗಳಿದ್ದ ಹಾಗೆ. ಬಾಣ ಹೊರಡುವಾಗಲೇ ಓರೆಯಾಗಿದ್ದರೆ ಅಲಗುಗಳು ಗಾಳಿಯನ್ನು ಹಿಡಿದು ಆ ಓರೆಯ ಕಡೆಗೇ ಎಳೆಯುತ್ತವೆ. ಇವರದು ಮೂರು ಅಲಗಿನ ಮಡಚದ ಬ್ರಾಡ್‌ಹೆಡ್, ಅಗಲ 1 1/8 ಇಂಚು. ಮಡಚುವ ಅಲಗಿನವು ಇಷ್ಟು ಜಗಳ ಮಾಡುವುದಿಲ್ಲ ನಿಜ. ಆದರೆ ಅವು ಬಿಚ್ಚಿಕೊಳ್ಳಲು ತಾಗಿದ ಕ್ಷಣದಲ್ಲಿ ಶಕ್ತಿ ಬೇಡುತ್ತವೆ. 36 ಫುಟ್-ಪೌಂಡ್ ಇರುವ ಬಿಲ್ಲಿನಲ್ಲಿ ಅದನ್ನು ಖರ್ಚು ಮಾಡಲು ನನಗೆ ಮನಸ್ಸಿರಲಿಲ್ಲ.

ಮೊದಲು ಕೈಹಿಡಿತ ನೋಡಿದೆ. ಹಿಡಿಕೆಯನ್ನು ಬಿಗಿಯಾಗಿ ಹಿಸುಕಿದರೆ ಬಿಲ್ಲು ತಿರುಚಿಕೊಂಡು ಬಾಣ ಪಕ್ಕಕ್ಕೆ ಹೋಗುತ್ತದೆ. ಇವರ ಹಿಡಿತ ಸಡಿಲವಾಗಿಯೇ ಇತ್ತು. ಆಮೇಲೆ ಬಾಣದ ಗಡಸುತನ: 26 1/2 ಇಂಚು ಉದ್ದದ ಬಾಣ, 500 ಸ್ಪೈನ್ (ಬಾಣ ಎಷ್ಟು ಬಾಗುತ್ತದೆ ಎಂಬ ಅಳತೆ). ಈ ಬಿಲ್ಲಿಗೆ ಹೊಂದುವಂಥದ್ದೇ. ಉಳಿದದ್ದು ಕಾಗದದ ಪರೀಕ್ಷೆ. ಚೌಕಟ್ಟಿಗೆ ಕಾಗದ ಬಿಗಿದು ಆರಡಿ ದೂರದಿಂದ ಅದರ ಮೂಲಕ ಬಾಣ ಹೊಡೆಯುವುದು. ಬಾಣ ನೆಟ್ಟಗಿದ್ದರೆ ಒಂದೇ ತೂತು, ಸುತ್ತ ಗರಿಗಳ ಗೀರು. ಓರೆಯಿದ್ದರೆ ಸೀಳು. ಇಲ್ಲಿ ಮೊನೆಯ ತೂತು ಎಡಕ್ಕೆ, ಬಾಲದ ಹರಕು ಬಲಕ್ಕೆ ಬಂತು. ಮತ್ತೆ ಮತ್ತೆ ಹಾಗೇ ಬಂತು. ಮೊನೆ ಎಡಕ್ಕೆ ತಿರುಗಿಕೊಂಡು ಹೊರಡುತ್ತಿದ್ದುದರಿಂದ ಬ್ರಾಡ್‌ಹೆಡ್ ಅದನ್ನು ಎಡಕ್ಕೇ ನಡೆಸುತ್ತಿತ್ತು. ಎರಡು ಸಾಕ್ಷಿಗಳೂ ಒಂದೇ ಮಾತು ಹೇಳಿದವು.

ರೆಸ್ಟಿನ ಪಕ್ಕದ ಸ್ಕ್ರೂ ಸಡಿಲಗೊಂಡು ರೆಸ್ಟ್ ಹೊರಕ್ಕೆ ಜರುಗಿತ್ತು. ಅದನ್ನು ಬಲಕ್ಕೆ, ಅಂದರೆ ರೈಸರಿನ (ಬಿಲ್ಲಿನ ನಡುವಿನ ಗಟ್ಟಿ ಭಾಗದ) ಕಡೆಗೆ, ಸ್ವಲ್ಪಸ್ವಲ್ಪವೇ ತಂದೆವು. 1/16 ಇಂಚಿನಷ್ಟು ಬಂದಾಗ ಕಾಗದದಲ್ಲಿ ಒಂದೇ ತೂತು. ಇಪ್ಪತ್ತು ಗಜದಲ್ಲಿ ಎರಡೂ ಬಗೆಯ ಮೊನೆ ಒಂದೇ ಕಡೆ ಬಿದ್ದವು. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು ಒಂದು ಹನಿ ಹಾಕಿ, ಬಿಳಿ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದೆ. ಇನ್ನು ಮುಂದೆ ಜರುಗಿದರೆ ಕಣ್ಣಿಗೆ ಕಾಣುತ್ತದೆ.

ಹಳೆಯ ರೆಸ್ಟಿನಲ್ಲೇ ಮೊದಲ ದೂರು ಮುಗಿಯಿತು. ‘ಡ್ರಾಪ್-ಅವೇ ಹಾಕಿದರೆ ಎಲ್ಲ ಸರಿಹೋಗುತ್ತದೆ’ ಎಂಬುದರಲ್ಲಿ ಅರ್ಧ ಭಾಗಕ್ಕೆ ಒಂದು ಡಾಲರೂ ಬೇಕಿರಲಿಲ್ಲ.

ರೆಸ್ಟ್ ಯಾಕೆ ಬೇಕಾಯಿತು

ಎರಡನೆಯ ದೂರಿಗೆ ಹೋಗುವ ಮೊದಲು ಈ ಸಣ್ಣ ಸಾಧನದ ಹುಟ್ಟನ್ನು ಸ್ವಲ್ಪ ನೋಡಬೇಕು. ಇಲ್ಲದಿದ್ದರೆ ಇಷ್ಟು ಬಗೆ ಯಾಕೆ ಎಂಬುದು ತಿಳಿಯುವುದಿಲ್ಲ.

ಅಮೆರಿಕದ ಬಿಲ್ಲುಬೇಟೆಯನ್ನು ಜನಪ್ರಿಯ ಮಾಡಿದ ಫ್ರೆಡ್ ಬೇರ್ ತಮ್ಮ ಬಿಲ್ಲಿನ ಕಾರ್ಖಾನೆ ನಡೆಸಿದ್ದು ಇದೇ ಮಿಶಿಗನ್‌ನ ಗ್ರೇಲಿಂಗ್ ಊರಿನಲ್ಲಿ. 1978ರಲ್ಲಿ ಅದು ಫ್ಲಾರಿಡಾಕ್ಕೆ ಹೋಯಿತು. ಆ ಕಾಲದ ಮರದ ಬಿಲ್ಲಿನಲ್ಲಿ ಹಿಡಿಕೆಯ ಮೇಲೆ ಕೆತ್ತಿದ ಪುಟ್ಟ ಕಟ್ಟೆಯೇ ರೆಸ್ಟ್, ಅದರ ಮೇಲೊಂದು ತುಪ್ಪಳದ ತುಂಡು. ಬಾಣಕ್ಕೆ ಹಕ್ಕಿಯ ಗರಿ. ಕಟ್ಟೆಗೆ ತಾಗಿದರೂ ಗರಿ ಮಡಚಿಕೊಂಡು ದಾಟುತ್ತಿತ್ತು. ಬೆರಳಿನಿಂದ ಹೆದೆ ಬಿಟ್ಟಾಗ ಹೆದೆ ಬೆರಳನ್ನು ಸುತ್ತಿ ಪಕ್ಕಕ್ಕೆ ಸರಿಯುತ್ತದೆ, ಬಾಣ ಅಡ್ಡಕ್ಕೆ ಬಳುಕುತ್ತದೆ. ಅದಕ್ಕೇ ಆ ಬಿಲ್ಲುಗಳಿಗೆ ಪಕ್ಕದಿಂದ ಆತುಕೊಳ್ಳುವ ಸಾಧನ ಬೇಕಾಯಿತು. ವಿಕ್ ಬರ್ಗರ್ ಹೆಸರಿನ ಸ್ಪ್ರಿಂಗ್ ಗುಂಡಿ ಬಂದದ್ದು ಹಾಗೆ. ಅದನ್ನು ಕೂರಿಸಲು ಕೊರೆದ ತೂತಿಗೆ ಇವತ್ತಿಗೂ ಬರ್ಗರ್ ತೂತು ಎಂದೇ ಹೆಸರು. ಈಗಿನ ರೆಸ್ಟುಗಳನ್ನು ಬಿಗಿಯುವುದೂ ಬಹುಪಾಲು ಅದೇ ತೂತಿಗೆ.

ಆಮೇಲೆ ಹಾಲಿಸ್ ವಿಲ್ಬರ್ ಆಲೆನ್ ಅವರ ಕಾಂಪೌಂಡ್ ಬಿಲ್ಲಿಗೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ರಾಟೆ, ಕೇಬಲ್ಲು ಬಂದವು. ಬೆರಳಿನ ಬದಲು ಹೆದೆ ಹಿಡಿದು ಬಿಡಲು ಕೈಗೆ ಕಟ್ಟಿಕೊಳ್ಳುವ ರಿಲೀಸ್ ಬಂತು. ರಿಲೀಸ್‌ನಿಂದ ಬಿಟ್ಟ ಹೆದೆ ಪಕ್ಕಕ್ಕೆ ಅಷ್ಟಾಗಿ ಸರಿಯುವುದಿಲ್ಲ. ಬಾಣ ಬಳುಕುವುದು ಹೆಚ್ಚಾಗಿ ಮೇಲೆ-ಕೆಳಗೆ. ಹಾಗಾಗಿ ಆಸರೆ ಪಕ್ಕದಿಂದಲ್ಲ, ಕೆಳಗಿನಿಂದ ಬೇಕು. ಇನ್ನೊಂದು ಕಡೆ, ಗರಿಯ ಜಾಗಕ್ಕೆ ಗಟ್ಟಿ ಪ್ಲಾಸ್ಟಿಕ್ ವೇನ್ ಬಂದಿದೆ. ಅದು ಮಡಚುವುದಿಲ್ಲ, ಏನಕ್ಕಾದರೂ ತಾಗಿದರೆ ಬಾಣವನ್ನೇ ತಳ್ಳುತ್ತದೆ. ಬಾಣವನ್ನು ಕೆಳಗಿನಿಂದ ಹಿಡಿದಿರಬೇಕು, ಹಿಂದಿನ ವೇನ್‌ಗಳು ಬರುವ ಹೊತ್ತಿಗೆ ಅಲ್ಲಿ ಇರಬಾರದು. ಇಂದಿನ ರೆಸ್ಟುಗಳೆಲ್ಲ ಈ ಎರಡು ಬೇಡಿಕೆಗಳ ನಡುವಿನ ಬೇರೆಬೇರೆ ಒಪ್ಪಂದಗಳು.

ಎದುರಿಗಿದ್ದ ನಾಲ್ಕು

ಎರಡು ಕಡ್ಡಿಗಳ ಮೇಲೆ ಬಾಣ ಇಡುವ ಹಳೆಯ ಬಗೆಯನ್ನು ಎರಡು ನಿಮಿಷದಲ್ಲಿ ಬಿಟ್ಟೆವು. ಕೈಗವಸು ಹಾಕಿಕೊಂಡು ಮರಗಟ್ಟಿದ ಕೈಯಲ್ಲಿ ಎಳೆಯುವಾಗ ಬಾಣ ಕಡ್ಡಿಯಿಂದ ಜಾರಿ ಲೋಹಕ್ಕೆ ಟಣ್ ಎಂದರೆ ಜಿಂಕೆ ಹೋಯಿತು.

ಹಳೆಯ ಬಿರುಗೂದಲಿನದನ್ನೇ ಉಳಿಸಿಕೊಳ್ಳುವುದನ್ನು ಮಾತ್ರ ತುಂಬಾ ಹೊತ್ತು ಯೋಚಿಸಿದೆವು. ಅದರ ಮೇಲೆ ನನಗೆ ಗೌರವವಿದೆ. ಅದರಲ್ಲಿ ಅಲ್ಲಾಡುವ ಭಾಗವೇ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ. ವೇನ್‌ಗಳು ಕೂದಲನ್ನು ಸೀಳಿಕೊಂಡು ಹೋಗುವುದರಿಂದ ಸೆಕೆಂಡಿಗೆ ಎರಡು ಮೂರು ಅಡಿ ವೇಗ ಕಳೆಯುತ್ತದೆ ಎಂದು ದೂರುತ್ತಾರೆ. 205ರಲ್ಲಿ ಮೂರು ಕಳೆದರೆ ಜಿಂಕೆಗೆ ವ್ಯತ್ಯಾಸ ತಿಳಿಯದು, 25 ಗಜದಲ್ಲಿ ಹೊಡೆಯುವವರಿಗೂ ತಿಳಿಯದು. ವೇನ್‌ಗಳು ಸುಕ್ಕಾಗುತ್ತವೆ. ಬಿಸಿಗಾಳಿ ತೋರಿಸಿದರೆ ನೆಟ್ಟಗಾಗುತ್ತವೆ, ಹೆಚ್ಚು ಸವೆದರೆ ಹೊಸದು ಅಂಟಿಸಬಹುದು. ಅಕ್ಟೋಬರಿಗೆ, ನವೆಂಬರಿಗೆ ಇದನ್ನು ತೆಗೆಯಲು ಕಾರಣವೇ ಇರಲಿಲ್ಲ.

ಕಾರಣ ಡಿಸೆಂಬರ್. ಮಿಶಿಗನ್‌ನ ಚಳಿಯಲ್ಲಿ ಬಿದ್ದಲ್ಲೇ ಹೆಪ್ಪುಗಟ್ಟುವ ತುಂತುರು ಅಪರೂಪವಲ್ಲ. ಕೂದಲುಗಳ ನಡುವೆ ನಿಂತ ನೀರು ಗಟ್ಟಿಯಾದರೆ ಬಾಣವೇ ಅದರಲ್ಲಿ ಕಚ್ಚಿಕೊಳ್ಳುತ್ತದೆ. ಜೊತೆಗೆ ಸದ್ದು. ಕಾರ್ಬನ್ ಬಾಣವನ್ನು ಕೂದಲಿನ ಮೂಲಕ ಎಳೆಯುವಾಗ ಸಣ್ಣಗೆ ‘ಸರ್’ ಎನ್ನುತ್ತದೆ. ಅಕ್ಟೋಬರಿನಲ್ಲಿ ಎಲೆಗಳ ಸದ್ದಿನಲ್ಲಿ ಅದು ಮುಳುಗುತ್ತದೆ. ಗಾಳಿಯಿಲ್ಲದ, ಹಿಮ ಬಿದ್ದ ಮುಂಜಾನೆಯಲ್ಲಿ ಹದಿನೈದು ಗಜದ ಜಿಂಕೆಗೆ ಅದು ಕೇಳುತ್ತದೆ. ಸದ್ದಿನ ಲೆಕ್ಕ ನೋಡಿ: 20 ಗಜ ಅಂದರೆ 60 ಅಡಿ. ಈ ಬಾಣಕ್ಕೆ ಅಷ್ಟು ದೂರ ಹೋಗಲು 0.29 ಸೆಕೆಂಡ್ ಬೇಕು. ಶಬ್ದಕ್ಕೆ 0.05 ಸೆಕೆಂಡ್ ಸಾಕು. ಅಂದರೆ ಸುಮಾರು ಕಾಲು ಸೆಕೆಂಡ್ ಜಿಂಕೆಗೆ ಮುನ್ಸೂಚನೆ. ಎಳೆಯುವ ಸದ್ದಿಗೇ ಮೈ ಬಿಗಿಹಿಡಿದು ನಿಂತ ಜಿಂಕೆ ಆ ಕಾಲು ಸೆಕೆಂಡಿನಲ್ಲಿ ಮೈ ಕುಗ್ಗಿಸಿ ಬಾಣದ ದಾರಿಯಿಂದ ಕೆಳಗಿಳಿಯಬಲ್ಲದು. ವೇಗದ ಬಿಲ್ಲಿನವರಿಗಿಂತ ನಿಧಾನ ಬಿಲ್ಲಿನವರಿಗೆ ನಿಶ್ಶಬ್ದ ಹೆಚ್ಚು ಅಗತ್ಯ ಎನ್ನುವುದು ಇದಕ್ಕೆ.

ಉಳಿದದ್ದು ಡ್ರಾಪ್-ಅವೇ, ಬಾಣ ಹೊರಟ ಮೇಲೆ ತಾನೇ ಕೆಳಗೆ ಬೀಳುವ ರೆಸ್ಟ್. ಇದರಲ್ಲಿ ಎರಡು ಕುಲ.

ಒಂದು ಕೇಬಲ್‌ನಿಂದ ನಡೆಯುವುದು. ರೆಸ್ಟಿನಿಂದ ಹೊರಟ ದಾರವನ್ನು, ಎಳೆಯುವಾಗ ಕೆಳಗೆ ಸರಿಯುವ ಕೇಬಲ್ಲಿಗೆ ಕಟ್ಟಿರುತ್ತಾರೆ. ಬಿಲ್ಲು ಎಳೆದಂತೆ ದಾರ ಬಿಗಿದು ಬಾಣ ಹೊತ್ತ ರೆಸ್ಟಿನ ಕೈ ಮೇಲೇಳುತ್ತದೆ. ಬಿಟ್ಟಾಗ ದಾರ ಸಡಿಲವಾಗಿ ಕೈ ಬೀಳುತ್ತದೆ. ಇದರಲ್ಲಿ ಸುಧಾರಿತ ಮಾದರಿಗಳಿವೆ. ಹೆಬ್ಬೆರಳಿನಿಂದ ಎತ್ತಿ ನಿಲ್ಲಿಸಿದರೆ ಬಾಣ ಮೊದಲಿನಿಂದಲೇ ಮೇಲೆ ಕೂತಿರುತ್ತದೆ. ಎಳೆದ ಹೆದೆಯನ್ನು ಬಿಡದೆ ನಿಧಾನವಾಗಿ ವಾಪಸ್ ಇಳಿಸಿದರೂ ಕೈ ಬೀಳುವುದಿಲ್ಲ, ಬಾಣ ಬಿಟ್ಟಾಗ ಮಾತ್ರ ಬೀಳುತ್ತದೆ. ಅಟ್ಟಣೆಯ ಬೇಟೆಗಾರರಿಗೆ ಇದು ದೊಡ್ಡ ಸವಲತ್ತು. ಇಲ್ಲಿ ತುಂಬಾ ಜನ ಇದನ್ನೇ ಬಳಸುತ್ತಾರೆ, ಸುಮ್ಮನೆ ಅಲ್ಲ.

ಇನ್ನೊಂದು ಲಿಂಬ್‌ನಿಂದ, ಅಂದರೆ ಬಿಲ್ಲಿನ ಬಾಗುವ ತೋಳಿನಿಂದ, ನಡೆಯುವುದು. ಇದರಲ್ಲಿ ಎಲ್ಲ ತಿರುವುಮುರುವು. ದಾರದ ತುದಿ ಬಿಲ್ಲಿನ ಲಿಂಬಿಗೆ ಕಟ್ಟಿದೆ. ಬಿಲ್ಲು ಸುಮ್ಮನಿರುವಾಗ ದಾರ ಬಿಗಿಯಾಗಿದ್ದು ಬಾಣ ಹೊರುವ ಕೈಯನ್ನು ಕೆಳಗೆ ಹಿಡಿದಿರುತ್ತದೆ. ಎಳೆದಾಗ ಲಿಂಬುಗಳು ಬಾಗಿ ಹತ್ತಿರ ಬರುತ್ತವೆ, ದಾರ ಸಡಿಲವಾಗುತ್ತದೆ, ಸ್ಪ್ರಿಂಗ್ ಕೈಯನ್ನು ಮೇಲೆತ್ತುತ್ತದೆ. ಎಳೆತದ ಮೊದಲ ಕೆಲವು ಇಂಚುಗಳಲ್ಲೇ ಅದು ಪೂರ್ತಿ ಮೇಲೆ ಬಂದಿರುತ್ತದೆ. ಬಿಟ್ಟಾಗಲೂ ಹಾಗೆಯೇ, ಲಿಂಬು ತನ್ನ ಜಾಗಕ್ಕೆ ಮರಳುವ ಕೊನೆಯ ಹಂತದವರೆಗೆ ಬಾಣಕ್ಕೆ ಆಸರೆ ಇರುತ್ತದೆ, ಆಮೇಲೆ ದಾರ ಜಗ್ಗಿ ಕೈ ಬೀಳುತ್ತದೆ.

ಇಬ್ಬರೂ ಮೇಜಿನ ಮೇಲೆ ಕಾಗದ ಹರವಿಕೊಂಡು ಕೇಳಿಕೊಂಡ ಪ್ರಶ್ನೆ ‘ಯಾವುದು ಹೆಚ್ಚು ನಿಖರ’ ಎಂಬುದಲ್ಲ. 25 ಗಜದಲ್ಲಿ ಸರಿಯಾಗಿ ಹೊಂದಿಸಿದ ಯಾವ ರೆಸ್ಟೂ ಎಂಟು ಇಂಚಿನ ವೃತ್ತ ತಪ್ಪಿಸುವುದಿಲ್ಲ. ಕೇಳಿಕೊಂಡದ್ದು: ಇದು ಕೆಟ್ಟರೆ ಹೇಗೆ ಕೆಡುತ್ತದೆ? ಕೆಟ್ಟದ್ದು ಅಟ್ಟಣೆಯ ಮೇಲೆ ಗೊತ್ತಾಗುತ್ತದೆಯೇ?

ಸಾಮಾನ್ಯ ಕೇಬಲ್ ಮಾದರಿಯಲ್ಲಿ ದಾರ ಹರಿದರೆ ಕೈ ಮೇಲೇಳುವುದೇ ಇಲ್ಲ. ಬಾಣ ಕೆಳಗೇ ಬಿದ್ದಿರುತ್ತದೆ, ಆವತ್ತಿನ ಬೇಟೆ ಮುಗಿದ ಹಾಗೆ. ದಾರ ಹರಿಯದೆ ಹಿಡಿಕಟ್ಟಿನಲ್ಲಿ ಸ್ವಲ್ಪ ಜಾರಿದರೆ ಇನ್ನೂ ಕಷ್ಟ. ಕೈ ಪೂರ್ತಿ ಏಳದೆ ಬಾಣ ಒಂದೆಳೆ ಕೆಳಗಿರುತ್ತದೆ, ನೋಡಿದರೆ ತಿಳಿಯುವುದಿಲ್ಲ. ಲಿಂಬ್ ಮಾದರಿಯಲ್ಲಿ ದಾರ ಹರಿದರೆ ಸ್ಪ್ರಿಂಗ್ ಕೈಯನ್ನು ಮೇಲೆತ್ತಿಬಿಡುತ್ತದೆ. ಆಗ ಅದೊಂದು ಸಾದಾ ಕಡ್ಡಿ ರೆಸ್ಟ್. ವೇನ್ ತಾಗುತ್ತದೆ, ಬಾಣ ಒಂದಿಷ್ಟು ಕೆಡುತ್ತದೆ, ಆದರೂ ಹತ್ತಿರದ ಗುರಿಗೆ ಹೊಡೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸುಮ್ಮನಿರುವ ಬಿಲ್ಲಿನಲ್ಲಿ ಕೈ ಮೇಲೆದ್ದಿದ್ದರೆ ಒಂದು ನೋಟಕ್ಕೇ ಕೆಟ್ಟಿದೆ ಎಂದು ಗೊತ್ತಾಗುತ್ತದೆ.

ಇನ್ನೊಂದು ಕಾರಣ ಮನೆಯ ವಾಸ್ತವ. ಕೇಬಲ್ಲಿನ ಎಳೆಗಳ ನಡುವೆ ದಾರ ತೂರಿಸಿ ಭದ್ರವಾಗಿ ಕಟ್ಟಬೇಕಾದರೆ ಬಿಲ್ಲನ್ನು ಪ್ರೆಸ್ಸಿಗೆ, ಅಂದರೆ ಲಿಂಬುಗಳನ್ನು ಅದುಮಿ ಕೇಬಲ್ ಸಡಿಲಿಸುವ ಯಂತ್ರಕ್ಕೆ, ಹಾಕಬೇಕು. ಪ್ರೆಸ್ ಇರುವ ಅಂಗಡಿ ಅವರ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಲಿಂಬಿಗೆ ಕಟ್ಟಲು ಪ್ರೆಸ್ ಬೇಡ, ಅಲೆನ್ ಕೀ ಸಾಕು. ತಮ್ಮ ಸಾಧನವನ್ನು ತಾವೇ ಬಿಚ್ಚಿ ಕಟ್ಟಬಲ್ಲವರು ಅದರ ಸಣ್ಣ ಬದಲಾವಣೆಯನ್ನೂ ಬೇಗ ಗುರುತಿಸುತ್ತಾರೆ.

ಲಿಂಬ್ ಮಾದರಿಯ ವಿರುದ್ಧವೂ ಮಾತುಗಳಿದ್ದವು. ಎಳೆದು ವಾಪಸ್ ಇಳಿಸಿದರೆ ಕೈಯೂ ಇಳಿಯುತ್ತದೆ, ಬಾಣ ರೈಸರಿನ ಕಟ್ಟೆಗೆ ಬಂದು ಕೂರುತ್ತದೆ. ಅಲ್ಲಿ ಮೆತ್ತನೆಯ ಫೆಲ್ಟ್ ಬಟ್ಟೆ ಇಲ್ಲದಿದ್ದರೆ ಸದ್ದು. ರೆಸ್ಟಿನಿಂದ ಲಿಂಬಿನವರೆಗೆ ತೆರೆದುಕೊಂಡಿರುವ ದಾರ ಕತ್ತಲಲ್ಲಿ ಕೊಂಬೆಗೆ ಸಿಕ್ಕಿಕೊಳ್ಳಬಹುದು. ಬಿಲ್ಲು ಕೊಕ್ಕೆಯಲ್ಲಿ ತೂಗಾಡುವಾಗ ಬಾಣ ಪಕ್ಕಕ್ಕೆ ಉರುಳದಂತೆ ಸುತ್ತ ಬೇಲಿಯಿರುವ ಮಾದರಿಯೇ ಬೇಕು. ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು: “ಅಂದ್ರೆ ಎಳೆದು ಇಳಿಸೋದು ಎಷ್ಟು ಸಲ ಆಗುತ್ತೆ ಅನ್ನೋದರ ಮೇಲೆ ನಿಂತಿದೆ, ಅಲ್ವಾ ಅಣ್ಣಾ?” ಹೌದು. ಅದು ಪ್ರತಿ ಋತುವಿನಲ್ಲೂ ಆಗುತ್ತದೆ. ಆದರೆ ಆ ಸದ್ದನ್ನು ಬಟ್ಟೆಯಿಂದ ಅಡಗಿಸಬಹುದು. ಜಾರಿದ ದಾರವನ್ನು ಅಟ್ಟಣೆಯ ಮೇಲೆ ಕಂಡುಹಿಡಿಯಲಾಗದು. ಲಿಂಬಿನದನ್ನೇ, ಬೇಲಿ ಇರುವುದನ್ನೇ ಆರಿಸಿದೆವು.

ಕೂರಿಸಿದ್ದು, ಪರೀಕ್ಷಿಸಿದ್ದು

ಕೆಲಸ ಆಗಸ್ಟಿನಲ್ಲಿ ನಡೆಯಿತು. ಋತುವಿನ ನಡುವೆ ರೆಸ್ಟ್ ಬದಲಾಯಿಸುವವರಿಗೆ ನನ್ನ ಬೆಂಬಲ ಎಂದೂ ಇಲ್ಲ. ಹೊಸ ರೆಸ್ಟ್ ಎಂದರೆ ಹೊಸ ಅಳತೆ, ಹೊಸ ಅಳತೆ ಎಂದರೆ ಗುರಿಕಡ್ಡಿಗಳನ್ನೂ ಮತ್ತೆ ಹೊಂದಿಸಬೇಕು.

ಬಾಣದ ನಡುಭಾಗ ಬರ್ಗರ್ ತೂತಿನ ನಡುವೆ ಹಾಯುವಂತೆ ಎತ್ತರ ಹಿಡಿದು, ಹೆದೆಗೆ ಲಂಬವಾಗಿರುವಂತೆ ನಾಕ್ (ಬಾಣವನ್ನು ಹೆದೆಗೆ ಸಿಕ್ಕಿಸುವ ಹಿಂತುದಿಯ ಕಚ್ಚು) ಇರುವ ಜಾಗ ಸರಿಮಾಡಿದೆವು. ಪಕ್ಕದ ಅಳತೆಗೆ ರೈಸರಿನಿಂದ ಬಾಣದ ನಡುವಿಗೆ 13/16 ಇಂಚು ಎಂದು ಶುರುಮಾಡಿ ಕಾಗದದ ಪರೀಕ್ಷೆಯಲ್ಲಿ ತಿದ್ದಿಕೊಂಡೆವು. ದಾರದ ಉದ್ದವೇ ಇಲ್ಲಿ ನಾಜೂಕು. ಸಡಿಲವಾದರೆ ಕೈ ಪೂರ್ತಿ ಬೀಳದೆ ವೇನ್‌ಗೆ ತಾಗುತ್ತದೆ. ಅತಿ ಬಿಗಿಯಾದರೆ ಪ್ರತಿ ಹೊಡೆತಕ್ಕೂ ರೆಸ್ಟಿನ ಒಳಗಿನ ತಡೆಗೆ ಏಟು. ಬಿಲ್ಲು ಸುಮ್ಮನಿರುವಾಗ ಕೈ ತಳಕ್ಕೆ ತಾಗಿ, ದಾರ ಒಂದಿಷ್ಟೇ ಬಿಗಿಯಾಗಿರಬೇಕು.

ವೇನ್ ತಾಗುತ್ತಿದೆಯೇ ಎಂದು ನೋಡಲು ಕಾಲಿಗೆ ಹಾಕುವ ಪುಡಿಯ ಸ್ಪ್ರೇ ತುಂಬಾ ಒಳ್ಳೆಯ ಉಪಾಯ. ಬಾಣದ ಹಿಂಭಾಗಕ್ಕೂ ರೆಸ್ಟಿಗೂ ಬೆಳ್ಳಗೆ ಹೊಡೆದು ಒಂದು ಬಾಣ ಬಿಟ್ಟರೆ, ತಾಗಿದ ಕಡೆ ಪುಡಿ ಗೀರಿಹೋಗಿರುತ್ತದೆ. ಮೊದಲ ಸಲ ಒಂದು ವೇನಿನ ಅಂಚಿನಲ್ಲಿ ಗೀರು ಕಂಡಿತು. ದಾರ ಕೂದಲೆಳೆಯಷ್ಟು ಬಿಗಿ ಮಾಡಿದೆವು, ಆಮೇಲೆ ಗೀರಿಲ್ಲ.

ಹಿಮದ ಪರೀಕ್ಷೆ ಅವರದೇ ಯೋಚನೆ. ಜಿಂಕೆ ಮಾಂಸ ಇಡುವ ದೊಡ್ಡ ಫ್ರೀಜರಿನಲ್ಲಿ ಹಳೆಯ ರೆಸ್ಟನ್ನೂ ಹೊಸದನ್ನೂ ನೀರು ಚಿಮುಕಿಸಿ ರಾತ್ರಿಯಿಡೀ ಇಟ್ಟರು. ಬೆಳಿಗ್ಗೆ ಬಿರುಗೂದಲು ಗಟ್ಟಿ ಬಿಲ್ಲೆಯಾಗಿತ್ತು, ಬಾಣ ಒಳಗೆ ಹೋಗಲೇ ಇಲ್ಲ. ಹೊಸದರ ಕೀಲಿನಲ್ಲೂ ಹನಿ ಹೆಪ್ಪುಗಟ್ಟಿತ್ತು. ಆದರೆ ಬೆರಳಿನಿಂದ ಒಮ್ಮೆ ಒತ್ತಿದ್ದಕ್ಕೆ ಚಿಟ್ ಎಂದು ಬಿಟ್ಟುಕೊಂಡಿತು, ಸ್ಪ್ರಿಂಗ್ ಕೆಲಸ ಮಾಡಿತು. ಇದರಿಂದ ಒಂದು ಅಭ್ಯಾಸ ಹುಟ್ಟಿತು: ತುಂತುರು ಬೀಳುವ ದಿನ ಆಗಾಗ ಬೆರಳಿನಿಂದ ರೆಸ್ಟಿನ ಕೈಯನ್ನು ಒಂದಿಷ್ಟು ಆಡಿಸುವುದು. ಕೀಲಿಗೆ ಎಣ್ಣೆ ಹಾಕಬೇಡ ಎಂದೆ. ಚಳಿಯಲ್ಲಿ ಅದು ಮಂದವಾಗಿ ಕೈಯ ಓಟವನ್ನೇ ನಿಧಾನ ಮಾಡುತ್ತದೆ.

ಇನ್ನೊಂದು ಪರೀಕ್ಷೆ ಬೇಟೆಯ ಬಟ್ಟೆ ತೊಟ್ಟು, ಕೈಗವಸು ಹಾಕಿ, ಕುರ್ಚಿಯ ಮೇಲೆ ಕೂತು ಮಾಡಿದ್ದು. ಬಾಣ ಹೂಡಿ ಕೊಕ್ಕೆಗೆ ನೇತುಹಾಕಿ, ತೆಗೆದು, ಎಳೆದು, ಹಿಡಿದು, ಇಳಿಸಿ, ಮತ್ತೆ ಎಳೆಯುವುದು. ಅಂಗಳದಲ್ಲಿ ನಿಂತು ಹೊಡೆಯುವ ಅಭ್ಯಾಸದಲ್ಲಿ ಇದಾವುದೂ ಬರುವುದಿಲ್ಲ. ರೆಸ್ಟಿನ ಗುಣದೋಷ ಹೆಚ್ಚಾಗಿ ಹೊರಬೀಳುವುದು ಇಲ್ಲೇ.

ಋತುವಿನಲ್ಲಿ

ಅಕ್ಟೋಬರಿನಲ್ಲಿ ರೆಸ್ಟ್ ವಿಷಯದಲ್ಲಿ ಬರೆಯುವಂಥದ್ದೇನೂ ನಡೆಯಲಿಲ್ಲ. ನವೆಂಬರಿನ ಮೊದಲ ವಾರ ಒಂದು ಹೆಣ್ಣು ಜಿಂಕೆ ಹೊಲದಂಚಿನಿಂದ ಬಂತು. ಎಳೆದರು. ಅದು ಕೊಂಬೆಯ ಹಿಂದೆ ನಿಂತುಬಿಟ್ಟಿತು. ಕೈ ನಡುಗುವವರೆಗೂ ಹಿಡಿದು, ಕೊನೆಗೆ ಇಳಿಸಿದರು. ಬಾಣ ಫೆಲ್ಟ್ ಮೇಲೆ ಕೂತಿತು, ಬೇಲಿಯೊಳಗೇ ಉಳಿಯಿತು, ಜಿಂಕೆ ತಲೆಯೆತ್ತಲಿಲ್ಲ. ಅದು ಮೇಯುತ್ತಾ ಈಚೆ ಬಂದಾಗ ಮತ್ತೆ ಎಳೆದರು. ದೂರ 17 ಗಜ. ಬಾಣ ಎರಡೂ ಶ್ವಾಸಕೋಶ ಸೀಳಿ ಆಚೆ ಬದಿಯ ನೆಲಕ್ಕೆ ನಾಟಿತ್ತು. ಜಿಂಕೆ ಕಣ್ಣಳತೆಯಲ್ಲೇ ಬಿತ್ತು. 2022ರಿಂದ ರಾಜ್ಯದಲ್ಲಿ ಹೊಡೆದ ಜಿಂಕೆಯ ವಿವರವನ್ನು 72 ಗಂಟೆಯೊಳಗೆ ಆನ್‌ಲೈನಿನಲ್ಲಿ ಕೊಡಬೇಕು. ಅದನ್ನು ಆವತ್ತು ಸಂಜೆಯೇ ಕೊಟ್ಟು ನನಗೆ ಫೋನ್ ಮಾಡಿದರು. ಮೊದಲು ಹೇಳಿದ್ದು ಜಿಂಕೆಯ ಸುದ್ದಿಯಲ್ಲ: “ಅಣ್ಣಾ, ಇಳಿಸಿದಾಗ ಸದ್ದೇ ಬರ್ಲಿಲ್ಲ!”

45 ಪೌಂಡಿನ ಬಿಲ್ಲು ಆ ಕೆಲಸ ಮಾಡಿದ್ದರಲ್ಲಿ ಹೊಸ ರೆಸ್ಟಿನ ಪಾಲು ಇದೆ, ಆದರೆ ಸಣ್ಣದು. ಬಾಣ ನೆಟ್ಟಗೆ ಹೊರಟದ್ದು ಆ 1/16 ಇಂಚಿನ ಪಾಠದಿಂದ. ಹಳೆಯ ರೆಸ್ಟಿದ್ದರೂ ಆ ಹೊಡೆತ ಹಾಗೇ ಹೋಗುತ್ತಿತ್ತು ಎಂದೇ ನನ್ನ ನಂಬಿಕೆ.

ಡಿಸೆಂಬರಿನಲ್ಲಿ ಬೆಲೆ ತೆರಬೇಕಾಯಿತು. ಒದ್ದೆ ಹಿಮ ಬಿದ್ದು, ಆಮೇಲೆ ಚಳಿ ಏರಿದ ಒಂದು ದಿನ ಕಟ್ಟೆಯ ಮೇಲಿನ ಫೆಲ್ಟಿನ ಅಂಚು ಎದ್ದು ಸುರುಳಿಯಾಗಿತ್ತು. ಎಳೆದು ಇಳಿಸಿದಾಗ ಬಾಣ ಬರಿಯ ಅಲ್ಯೂಮಿನಿಯಮ್ಮಿಗೆ ‘ಟಿಕ್’ ಎಂದಿತು. ಎರಡು ಜಿಂಕೆಗಳು ಕಾಲೊದೆದು ಹೋದವು. ಹೆಬ್ಬೆರಳಿನಿಂದ ಎತ್ತಿ ನಿಲ್ಲಿಸುವ ಕೇಬಲ್ ಮಾದರಿಯಾಗಿದ್ದರೆ ಬಾಣ ಕಟ್ಟೆಗೆ ಇಳಿಯುತ್ತಲೇ ಇರಲಿಲ್ಲ. ಆ ಮಾದರಿಯ ಪರವಾಗಿ ಇದನ್ನು ಬರೆದಿಡಲೇಬೇಕು. ಅದೇ ದಿನ ದಾರ, ಕೀಲು, ಬೇಲಿ ಮೂರೂ ಸರಿಯಾಗಿದ್ದವು. ಹೆಪ್ಪುಗಟ್ಟುವ ತುಂತುರಿನ ಇನ್ನೊಂದು ಬೆಳಿಗ್ಗೆಯೂ ಬೆರಳಿನಿಂದ ಆಡಿಸಿದ್ದಕ್ಕೆ ರೆಸ್ಟ್ ಬಿಟ್ಟುಕೊಂಡಿತು.

ಫೆಲ್ಟಿನದು ಅಂಟಿನ ತೊಂದರೆ. ಅದನ್ನು ಕಿತ್ತು, ರೈಸರನ್ನು ಸ್ಪಿರಿಟ್ಟಿನಿಂದ ಒರೆಸಿ, ಬೆಚ್ಚಗಿನ ಕೋಣೆಯಲ್ಲಿ ಹೊಸ ತುಂಡು ಒತ್ತಿ, ಒಂದು ದಿನ ಹಾಗೇ ಬಿಟ್ಟೆವು. ಅಂಚುಗಳನ್ನು ಕಟ್ಟೆಯ ಬದಿಗೆ ಮಡಚಿ ಇಳಿಸಿದ್ದರಿಂದ ನೀರು ಅಡಿಗೆ ನುಗ್ಗುವ ದಾರಿ ಮುಚ್ಚಿತು. ಋತು ಮುಗಿಯುವವರೆಗೂ ಅದು ಏಳಲಿಲ್ಲ.

ಜನವರಿಯಲ್ಲಿ ಬಿಲ್ಲು ಮತ್ತೆ ನನ್ನ ಮೇಜಿಗೆ ಬಂತು. ಹೊಸ ರೆಸ್ಟಿನ ಸ್ಕ್ರೂ ಮೇಲೂ ಎಳೆದಿದ್ದ ಬಿಳಿ ಗೆರೆ ಜರುಗಿರಲಿಲ್ಲ. ದಾರ ಲಿಂಬಿಗೆ ಸುತ್ತಿಕೊಳ್ಳುವಲ್ಲಿ ಎಳೆ ಸ್ವಲ್ಪ ಮಾಸಿ ನೂಲು ಎದ್ದಿತ್ತು, ಹರಿಯುವ ಸ್ಥಿತಿ ಅಲ್ಲ. ಆದರೂ ಬದಲಾಯಿಸಿದೆವು, ಉದ್ದವನ್ನು ಪುಡಿಯ ಪರೀಕ್ಷೆಯಿಂದ ಮತ್ತೆ ಹಿಡಿದೆವು. ಈ ಸಲ ನಾನು ಪಕ್ಕದಲ್ಲಿ ಕೂತು ನೋಡಿದೆ ಅಷ್ಟೆ, ಕಟ್ಟಿದ್ದು ಅವರೇ. ಹೆಚ್ಚುವರಿ ದಾರ ಒಂದು, ಅಲೆನ್ ಕೀ ಒಂದು ಈಗ ಅವರ ಬೇಟೆಯ ಚೀಲದ ಮೇಲಿನ ಜೇಬಿನಲ್ಲಿವೆ. ಹಳೆಯ ಬಿರುಗೂದಲಿನ ರೆಸ್ಟನ್ನು ಅವರ ಸಹೋದ್ಯೋಗಿಯೊಬ್ಬರು ಕೇಳಿ ಪಡೆದರು. ಅವರು ಬೇಟೆಯಾಡುವುದು ಅಕ್ಟೋಬರಿನಲ್ಲಿ ಮಾತ್ರ, ನೆಲದ ಮೇಲೆ ಪೊದೆಗಳ ನಡುವೆ ತೆವಳಿಕೊಂಡು. ಅಂಥವರಿಗೆ ಅದಕ್ಕಿಂತ ಒಳ್ಳೆಯದನ್ನು ನಾನೂ ಹೇಳುತ್ತಿರಲಿಲ್ಲ.